ಮನೆತನದ ಗುಟ್ಟೂ ಪೇಟೆಯ ಕಟ್ಟಡವೂ: ಚನ್ನಪಟ್ಟಣದ ಸಕ್ಕರೆಯಿಂದ ಮೈಸೂರುಪಾಕದವರೆಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಪಟ್ಟಣಗಳ ಚರಿತ್ರೆಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಕೋಟೆಗಳನ್ನೂ ಪಾಳೆಯಗಾರರನ್ನೂ ಕುರಿತು ಬರೆದಿದ್ದಾರೆ. ಮಾಗಡಿಯೆಂದೊಡನೆ ಕೆಂಪೇಗೌಡರ ವಂಶವೂ, ಚನ್ನಪಟ್ಟಣವೆಂದೊಡನೆ ಜಗದೇವರಾಯನೂ, ರಾಮನಗರವೆಂದೊಡನೆ ಬ್ಯಾರಿ ಕ್ಲೋಸನ ಹೆಸರಿನ ಕ್ಲೋಸ್‌ಪೇಟೆಯೂ ನೆನಪಿಗೆ ಬರುತ್ತವೆ. ಒಲೆಯ ಮುಂದೆ ಕುಳಿತು ಪಾಕ ಹಿಡಿದವರ ಚರಿತ್ರೆ ಮಾತ್ರ ಯಾರ ಗಮನಕ್ಕೂ ಬಿದ್ದಂತಿಲ್ಲ. ಒಂದು ಮನೆತನದ ಕೈಗಾರಿಕೆ ಯಾವ ಕಾರಣದಿಂದ ಉಳಿಯುತ್ತದೆ, ಯಾವ ಕಾರಣದಿಂದ ಅಳಿಯುತ್ತದೆ ಎಂಬ ಪ್ರಶ್ನೆಯನ್ನು ಸಿಹಿತಿನಿಸುಗಳ ಮೂಲಕ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದನು. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಚನ್ನಪಟ್ಟಣದ ವಿಷಯವಾಗಿ ಅವನು ಹೇಳಿದ ಮಾತುಗಳಲ್ಲಿ ಮೂರು ಕಸುಬುಗಳು ಕಾಣಬರುತ್ತವೆ. ಗಾಜಿನ ಬಳೆ ಮೊದಲಾದ ಸಾಮಾನುಗಳು ಒಂದು. ವೀಣೆಯಂಥ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎರಡನೆಯದು. ಅತ್ಯಂತ ಬಿಳುಪಾದ, ನಯವಾದ ಸಕ್ಕರೆ ಮೂರನೆಯದು. ಈ ಸಕ್ಕರೆಯನ್ನು ಮಾಡುವ ವಿದ್ಯೆ ಒಂದೇ ಮನೆತನದವರಲ್ಲಿತ್ತು. ಅದನ್ನು ಅವರು ಗುಟ್ಟಾಗಿ ಇಟ್ಟುಕೊಂಡಿದ್ದರು. ಶ್ರೀರಂಗಪಟ್ಟಣದ ಅರಮನೆಯ ಉಪಯೋಗಕ್ಕಾಗಿಯೇ ಅದು ತಯಾರಾಗುತ್ತಿತ್ತು.

ಆ ಕಾಲದಲ್ಲಿ ಸಕ್ಕರೆಯನ್ನು ಬಿಳುಪು ಮಾಡುವುದು ಸುಲಭದ ಕೆಲಸವಾಗಿರಲಿಲ್ಲ. ಕಬ್ಬಿನ ಹಾಲನ್ನು ಕಾಸಿ, ಹರಳುಗಟ್ಟಿಸಿ, ಕೆಳಗೆ ತೂತುಳ್ಳ ಪಾತ್ರೆಯಲ್ಲೋ ಬುಟ್ಟಿಯಲ್ಲೋ ತುಂಬಿ, ಮೇಲೆ ಹಸಿಯಾದ ನೀರುಗಿಡಗಳನ್ನು ಹೊದಿಸಿಡುವುದು ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಕ್ರಮ. ಆ ತೇವ ಮೆಲ್ಲಗೆ ಇಳಿಯುತ್ತ ಕಾಕಂಬಿಯನ್ನು ತೊಳೆದುಕೊಂಡು ಹೋಗುತ್ತದೆ. ಮೇಲಣ ಪದರ ಬೆಳ್ಳಗಾಗುತ್ತದೆ. ಎಷ್ಟು ಹೊತ್ತು ಕಾಸಬೇಕು, ಯಾವ ಹದದಲ್ಲಿ ಇಳಿಸಬೇಕು ಎಂಬುದೆಲ್ಲ ಕೈಯ ಅನುಭವಕ್ಕೆ ಸೇರಿದ್ದು. ಇಂಥ ವಿದ್ಯೆ ಮನೆಯೊಳಗೇ ಉಳಿದದ್ದು ಆಶ್ಚರ್ಯವಲ್ಲ.

ಆದರೆ ಇಂದು ಚನ್ನಪಟ್ಟಣವೆಂದರೆ ಸಕ್ಕರೆಯನ್ನು ನೆನೆಯುವವರಿಲ್ಲ. ಗುಟ್ಟೇ ಅದರ ನಾಶಕ್ಕೆ ಕಾರಣವೆಂದು ಅವಸರದಿಂದ ತೀರ್ಮಾನಿಸುವುದು ಸರಿಯಲ್ಲ. ಕಬ್ಬನ್ನು ಯಂತ್ರದಿಂದ ಅರೆದು ಸಕ್ಕರೆ ತೆಗೆಯುವ ಕಾಲ ಬಂದಮೇಲೆ ಯಾವ ಮನೆತನವೂ ಅದರೊಡನೆ ಸ್ಪರ್ಧಿಸಲಾರದು. ನೆರೆಯ ಮಂಡ್ಯದಲ್ಲಿಯೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಆದರೂ ಮೊದಲ ಪೆಟ್ಟು ಬಿದ್ದದ್ದು ಯಂತ್ರದಿಂದಲ್ಲ. ಕೊಳ್ಳುವವನು ಒಬ್ಬನೇ ಆಗಿದ್ದನು. ಅವನು 1799ರಲ್ಲಿ ಇಲ್ಲವಾದನು. ಅರಮನೆಗೆ ಮಾತ್ರ ಗೊತ್ತಿದ್ದ ರುಚಿಯನ್ನು ಪೇಟೆ ಬಯಸುವುದೆಂತು?

ಇದೇ ಊರಿನ ಬೊಂಬೆಗಳನ್ನು ಇದರೊಡನೆ ಹೋಲಿಸಿ ನೋಡಬಹುದು. ಹಾಲೆಯ ಮರವನ್ನು ಕಡೆದು ಅರಗಿನ ಬಣ್ಣ ಹಿಡಿಸುವ ಈ ಕಸುಬನ್ನು ಬಾವಾಸ್ ಮಿಯಾನರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿದ್ದಿ ಬೆಳೆಸಿದರು. ಮುಂದೆ ಸರ್ಕಾರದ ತರಬೇತಿ ಶಾಲೆಯ ಮೂಲಕ ಅದು ಹಲವರ ಕೈಗೆ ಬಂದಿತು. ಕಲಿತವರು ಹೆಚ್ಚಿದಂತೆ ಕೊಳ್ಳುವವರೂ ಹೆಚ್ಚಿದರು. ಈಗ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ಇದೆ. ಒಂದೇ ಊರಿನ ಎರಡು ವಿದ್ಯೆಗಳಲ್ಲಿ ಹಂಚಿಕೊಂಡದ್ದು ಉಳಿಯಿತು, ಬಚ್ಚಿಟ್ಟದ್ದು ಅಳಿಯಿತು.

ಇನ್ನು ಅರಮನೆಯಿಂದ ಬೀದಿಗೆ ಇಳಿದು ಬದುಕಿದ ತಿನಿಸೊಂದನ್ನು ನೋಡೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆಗಳಿಂದ ಹೊಸತೊಂದು ತಿನಿಸನ್ನು ಮಾಡಿ ಬಡಿಸಿದರೆಂದೂ, ಅದೇ ಮೈಸೂರುಪಾಕವೆನಿಸಿತೆಂದೂ ಆ ಮನೆತನದವರ ಹೇಳಿಕೆ. ಇದು ಶಾಸನವಲ್ಲ, ಮನೆಯ ನೆನಪು. ನೆನಪೆಂದೇ ಇದನ್ನು ಸ್ವೀಕರಿಸಬೇಕು. ಆದರೆ ಅದೇ ವಂಶದವರ ಗುರು ಸ್ವೀಟ್ ಮಾರ್ಟ್ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಕಟ್ಟಡದಲ್ಲಿ ನಡೆದುಬಂದಿರುವುದು ಕಣ್ಣಿಗೆ ಕಾಣುವ ಸಂಗತಿ. ಇಲ್ಲಿ ಗುಟ್ಟೇನೂ ಉಳಿದಿಲ್ಲ. ನಾಡಿನ ಮದುವೆಮನೆಗಳಲ್ಲೆಲ್ಲ ಮೈಸೂರುಪಾಕ ಮಾಡುತ್ತಾರೆ. ಎಲ್ಲರಿಗೂ ತಿಳಿದಮೇಲೂ ಮೂಲದ ಅಂಗಡಿಗೆ ಜನ ಬರುತ್ತಾರೆಂಬುದು ಚನ್ನಪಟ್ಟಣದ ಸಕ್ಕರೆಗಾರರಿಗೆ ತಿಳಿಯುವ ಸಂದರ್ಭವೇ ಒದಗದ ಪಾಠ.

ಕೇಕಿನ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಹಾಸನ ಸೀಮೆಯ ಎಚ್. ಎಸ್. ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿಯನ್ನು ತೆರೆದರು. ಆಚಾರವಂತರ ಮನೆಗೆ ಬ್ರೆಡ್ಡು ಸೇರದಿದ್ದ ಕಾಲವದು; ಅಂಥ ಕಾಲದಲ್ಲಿ ಅಯ್ಯಂಗಾರರೇ ಒಲೆ ಹೂಡಿ, ಮೊಟ್ಟೆ ಬಳಸದೆ ಕೇಕು ಬೇಯಿಸಿದರು. ಕಸುಬು ನೆಂಟರಿಷ್ಟರ ಮೂಲಕ, ಊರಿನವರ ಮೂಲಕ ಹರಡಿತು. ಇಂದು ನಮ್ಮ ನಾಲ್ಕು ಪಟ್ಟಣಗಳಲ್ಲಿಯೂ ಅಯ್ಯಂಗಾರ್ ಬೇಕರಿಯ ಫಲಕವನ್ನು ಕಾಣಬಹುದು. ಖಾರ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಇಲ್ಲದ ಬಸ್‌ಸ್ಟಾಂಡಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ವಿದ್ಯೆ ಹಂಚಿದರೆ ಉಳಿಯುತ್ತದೆ, ಸರಿ. ಆದರೆ ಅದು ನೆಲೆಸಿದ್ದ ಮನೆ? 2016ರ ಆಗಸ್ಟಿನಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದುಬಿದ್ದಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದು ಕೆಲವರು, ಹಳೆಯದನ್ನೇ ಜೀರ್ಣೋದ್ಧಾರ ಮಾಡಬೇಕೆಂದು ಕೆಲವರು ವಾದಿಸಿದರು. ವ್ಯಾಜ್ಯ ನ್ಯಾಯಾಲಯಕ್ಕೂ ಹೋಯಿತು. ಈ ಚರ್ಚೆಯಲ್ಲಿ ಗಾರೆ, ಕಮಾನು, ಗೋಡೆಗಳ ಬಲಾಬಲ ಮುಂದೆ ಬಂದಷ್ಟು ಒಳಗಿನ ಕಸುಬುಗಳ ಮಾತು ಮುಂದೆ ಬರಲಿಲ್ಲವೆಂದು ನಮಗೆ ತೋರುತ್ತದೆ. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸಬಹುದು. ಚದರಿಹೋದ ಅಂಗಡಿಗಳನ್ನು ಮರಳಿ ತಂದು ಕೂರಿಸುವುದು ಅಷ್ಟು ಸುಲಭವಲ್ಲ. ಅಂಗಡಿಯಿಲ್ಲದ ಮಾರುಕಟ್ಟೆ ಜೀರ್ಣೋದ್ಧಾರವಾದರೂ ಬರಿಯ ಚಿಪ್ಪಾಗುತ್ತದೆ.

ಕಟ್ಟಡವನ್ನು ಕಸುಬಿನೊಡನೆ ಉಳಿಸಬೇಕು, ಕಸುಬನ್ನು ಕಲಿಸಿ ಉಳಿಸಬೇಕು ಎಂಬುದು ನಮ್ಮ ನಿರ್ಣಯ. ರಾಮನಗರ, ಮಾಗಡಿ, ಕನಕಪುರಗಳ ಹಳೆಯ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ವಾಸ ಎಂಬ ಕ್ರಮದ ಮನೆಗಳೇನಾದರೂ ಉಳಿದಿದ್ದರೆ, ಅವು ಉರುಳುವ ಮೊದಲು ಅವುಗಳ ನಕ್ಷೆಯನ್ನೂ, ಅಲ್ಲಿ ದುಡಿದವರ ಮಾತನ್ನೂ ಬರೆದಿಡುವುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ. ಚನ್ನಪಟ್ಟಣದ ಸಕ್ಕರೆಯ ಸುದ್ದಿಯನ್ನು ನಮಗಾಗಿ ಬರೆದಿಟ್ಟವನು ಹೊರಗಿನಿಂದ ಬಂದ ಒಬ್ಬ ವೈದ್ಯ. ಅವನೂ ಬರೆಯದಿದ್ದರೆ ಆ ಮನೆತನವೊಂದಿತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.