ಲುಬ್ಧಕದ ಸಂಗಾತಿ ಕಳೆದುಕೊಂಡ ದ್ರವ್ಯರಾಶಿ: ಒಂದು ಟಿಪ್ಪಣಿ

ನಕ್ಷತ್ರದ ಮುಪ್ಪು ಹೇಗಿರುತ್ತದೆಂಬುದನ್ನು ಅದರ ಹುಟ್ಟಿನ ದ್ರವ್ಯರಾಶಿ ನಿರ್ಧರಿಸುತ್ತದೆ ಎಂದು ಓದುತ್ತೇವೆ. ಮಾತು ಸರಿ, ಆದರೆ ಪೂರ್ತಿಯಲ್ಲ. ಕೊನೆಗಾಲದಲ್ಲಿ ನಕ್ಷತ್ರ ಅದರಲ್ಲಿ ಎಷ್ಟನ್ನು ಕಳಚಿಕೊಳ್ಳುತ್ತದೆ ಎಂಬುದೂ ಅಷ್ಟೇ ನಿರ್ಣಾಯಕ. ಇದಕ್ಕೆ ಲುಬ್ಧಕಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಲುಬ್ಧಕ ಒಂಟಿಯಲ್ಲ. ಅದರ ಚಲನೆಯ ಓಲಾಟ ಗಮನಿಸಿದ ಖಗೋಳಜ್ಞ ಬೆಸೆಲ್, ಕಣ್ಣಿಗೆ ಬೀಳದ ಜೊತೆಯೊಂದು ಇರಬೇಕೆಂದು 1844ರಲ್ಲಿ ತರ್ಕಿಸಿದರು. 1862ರ ಜನವರಿಯಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ದೂರದರ್ಶಕವನ್ನು ಪರೀಕ್ಷಿಸುವಾಗ ಅದು ಕಂಡೇಬಿಟ್ಟಿತು. ಎರಡೂ ಸುಮಾರು 50 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುವುದರಿಂದ ದ್ರವ್ಯರಾಶಿ ನೇರವಾಗಿ ಲೆಕ್ಕಕ್ಕೆ ಸಿಗುತ್ತದೆ: ಪ್ರಧಾನ ತಾರೆ ಸೂರ್ಯನ 2.06 ಪಟ್ಟು, ಸಂಗಾತಿ 1.02 ಪಟ್ಟು. ಗಾತ್ರದಲ್ಲಿ ಸಂಗಾತಿ ಭೂಮಿಗಿಂತ ತುಸು ಚಿಕ್ಕದು, ಅಂದರೆ ಇಂಧನ ಮುಗಿದ ನಕ್ಷತ್ರದ ಉಳಿಕೆಯಾದ ಶ್ವೇತ ಕುಬ್ಜ.

ಭಾರವಾದ ನಕ್ಷತ್ರ ಇಂಧನವನ್ನು ಬೇಗ ಮುಗಿಸುತ್ತದೆ. ಹಾಗಿರುವಾಗ ಒಟ್ಟಿಗೆ ಹುಟ್ಟಿದ ಜೋಡಿಯಲ್ಲಿ ಹಗುರವಾದದ್ದೇ ಮೊದಲು ಮುಗಿದದ್ದೇಕೆ? ಹುಟ್ಟಿದಾಗ ಅದು ಹಗುರವಾಗಿರಲಿಲ್ಲ. ಜೋಡಿಯ ವಯಸ್ಸು ಸುಮಾರು 23 ಕೋಟಿ ವರ್ಷ. ಶ್ವೇತ ಕುಬ್ಜವಾದ ಮೇಲೆ ಈಗಿನ 25,000 ಡಿಗ್ರಿಗೆ ತಣಿಯಲು ಅದರಲ್ಲಿ 12-13 ಕೋಟಿ ವರ್ಷ ಹಿಡಿದಿದೆ. ಉಳಿದ 10 ಕೋಟಿ ವರ್ಷದೊಳಗೆ ಬಾಳು ಮುಗಿಸಬೇಕಾದರೆ ಅದು ಐದಾರು ಸೂರ್ಯರಷ್ಟು ಭಾರವಿದ್ದಿರಬೇಕು. ನಾಲ್ಕು ಸೂರ್ಯರಿಗೂ ಮಿಕ್ಕ ದ್ರವ್ಯ ಹೊರಟುಹೋಗಿದೆ!

ಹೋದ ಬಗೆ ಸ್ಥೂಲವಾಗಿ ತಿಳಿದಿದೆ. ಗರ್ಭದಲ್ಲಿ ಹೀಲಿಯಂ ಉರಿದು ಇಂಗಾಲ, ಆಮ್ಲಜನಕಗಳಾದ ಮೇಲೆ ಹೊರಕವಚ ವಿಪರೀತ ಹಿಗ್ಗಿ ಮಿಡಿಯತೊಡಗುತ್ತದೆ. ಮಿಡಿತ ಎತ್ತಿ ಹಾಕಿದ ಅನಿಲ ತಣ್ಣಗಾಗಿ ದೂಳು ಕಟ್ಟುತ್ತದೆ. ಬೆಳಕು ಆ ದೂಳನ್ನು ತಳ್ಳುತ್ತದೆ, ದೂಳು ಅನಿಲವನ್ನೂ ಎಳೆದೊಯ್ಯುತ್ತದೆ. ಚಂದ್ರಶೇಖರ್ 1930ರ ದಶಕದಲ್ಲಿ ಸ್ಥಾಪಿಸಿದ ಮಿತಿಯ ಪ್ರಕಾರ, ಸುಮಾರು 1.4 ಸೂರ್ಯರಾಶಿ ದಾಟಿದರೆ ಎಲೆಕ್ಟ್ರಾನುಗಳ ಒತ್ತಡ ಶ್ವೇತ ಕುಬ್ಜವನ್ನು ತಾಳಿ ಹಿಡಿಯಲಾರದು. ಈ ನಕ್ಷತ್ರವನ್ನು ಆ ಮಿತಿಯೊಳಗೆ ಉಳಿಸಿದ್ದು ಕಳಚಿಹೋದ ಕವಚವೇ. ಹುಟ್ಟಿನಲ್ಲಿ ಸುಮಾರು ಎಂಟು ಸೂರ್ಯರಿಗಿಂತ ಭಾರವಿದ್ದವಕ್ಕೆ ಈ ದಾರಿಯಿಲ್ಲ. ಅವುಗಳ ಗರ್ಭ ಕುಸಿದು ನ್ಯೂಟ್ರಾನ್ ನಕ್ಷತ್ರವೋ ಕಪ್ಪುಕುಳಿಯೋ ಆಗುತ್ತದೆ.

ಲುಬ್ಧಕದಲ್ಲಿ ನನ್ನನ್ನು ಕಾಡುವುದು ಕಕ್ಷೆ. ಅದು ತುಂಬ ಉದ್ದನೆಯದು. ಎರಡು ತಾರೆಗಳು ಸೂರ್ಯನಿಂದ ಶನಿಗಿರುವಷ್ಟು ದೂರಕ್ಕಿಂತ ತುಸು ಹತ್ತಿರ ಬಂದು, ನೆಪ್ಚೂನಿನಷ್ಟು ದೂರ ಸರಿಯುತ್ತವೆ. ಸಂಗಾತಿ ದೈತ್ಯವಾಗಿದ್ದಾಗ ಉಬ್ಬರವಿಳಿತದ ಸೆಳೆತ ಈ ಕಕ್ಷೆಯನ್ನು ದುಂಡಗಾಗಿಸಬೇಕಿತ್ತು. ಹತ್ತಿರ ಬಂದಾಗಲೆಲ್ಲ ದ್ರವ್ಯನಷ್ಟ ಹೆಚ್ಚಿ ಉದ್ದ ಉಳಿಯಿತೆಂಬ ವಿವರಣೆಯಿದೆ. ಆದರೆ ಉಳಿದ 1.02 ಎಂಬ ಅಂಕಿ, ಹುಟ್ಟಿನ ದ್ರವ್ಯರಾಶಿಯಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆಂದು ನಕ್ಷತ್ರಗುಚ್ಛಗಳ ಶ್ವೇತ ಕುಬ್ಜಗಳಿಂದ ಕಟ್ಟಿದ ಲೆಕ್ಕಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಹಾಗಾದರೆ ಜೊತೆಯ ತಾರೆ ಕಳಚುವ ರೀತಿಯನ್ನು ಬದಲಿಸಿದ್ದರೂ, ಒಟ್ಟು ಕಳಚಿದ್ದರ ಮೊತ್ತವನ್ನು ಹೆಚ್ಚು ಬದಲಿಸಿಲ್ಲವೆಂದೇ ನಾನು ಭಾವಿಸುತ್ತೇನೆ.