ಕುಸುರೆಳ್ಳೂ ಪುಷ್ಯಮಾಸದ ಗಾಳಿಯೂ

ಸಂಕ್ರಾಂತಿಯಂದು ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳಲ್ಲಿ ಹಿರಿಯರ ಕೈಗಿತ್ತು ನಮಸ್ಕರಿಸುವ ಕುಸುರೆಳ್ಳು, ಅಂದರೆ ಸಕ್ಕರೆಯ ಪದರ ಕಟ್ಟಿದ ಎಳ್ಳು, ನಮ್ಮ ಗೃಹಿಣಿಯರು ಬೆರಳ ತುದಿಯಿಂದಲೇ ರೂಪಿಸಿದ ಮಿಠಾಯಿಗಳಲ್ಲಿ ಅತ್ಯಂತ ಸೂಕ್ಷ್ಮವಾದುದೆಂದು ನಾನು ನಂಬಿದ್ದೇನೆ.

ಕಬ್ಬಿನ ರಸವನ್ನು ಘನವಾಗಿಸುವ ವಿದ್ಯೆ ಈ ದೇಶಕ್ಕೆ ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರವು ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರೆಗಳನ್ನು ಬೇರೆಬೇರೆಯಾಗಿಯೇ ಎಣಿಸಿದೆ. ಆದರೆ ಬೆಲ್ಲದಲ್ಲಿ ಉಳಿಯುವ ಇತರ ಸಿಹಿಯ ಅಂಶಗಳು ಗಾಳಿಯ ತೇವವನ್ನು ಬೇಗ ಸೆಳೆದುಕೊಳ್ಳುವುದರಿಂದ, ಕುಸುರೆಳ್ಳಿಗೆ ಶುಭ್ರವಾದ ಸಕ್ಕರೆಯೇ ಬೇಕು. 1932ರ ಸಕ್ಕರೆ ಉದ್ಯಮ ಸಂರಕ್ಷಣ ಕಾಯಿದೆಯ ತರುವಾಯ ದೇಶದಲ್ಲಿ ಸಕ್ಕರೆಯ ಕಾರ್ಖಾನೆಗಳು ವೃದ್ಧಿಯಾದುವು. 1933ರಲ್ಲಿ ಮಂಡ್ಯದಲ್ಲಿಯೂ, 1939ರಲ್ಲಿ ಬೆಳಗಾವಿ ಜಿಲ್ಲೆಯ ಉಗಾರದಲ್ಲಿಯೂ ಕಂಪನಿಗಳು ಹುಟ್ಟಿದುವು.

ಕುಸುರೆಳ್ಳು ಮಾಡಲು, ಹಾಲಿನ ಹನಿ ಹಾಕಿ, ಮೇಲೆ ಕೂಡಿದ ಕೊಳೆಯನ್ನು ತೆಗೆದು, ಅರಿವೆಯಲ್ಲಿ ಸೋಸಿದ ಸಕ್ಕರೆಯ ಪಾಕವನ್ನು ಪಕ್ಕದಲ್ಲಿಟ್ಟುಕೊಂಡು, ಬೂದಿ ಮುಚ್ಚಿದ ಕೆಂಡದ ಶಿಗಡಿಯ ಮೇಲೆ ಪರಾತವನ್ನಿರಿಸಿ, ಅದರಲ್ಲಿ ಬೆಚ್ಚಗಾದ ಎಳ್ಳಿಗೆ ಚಮಚೆಯಷ್ಟೇ ಪಾಕವನ್ನು ಬಿಟ್ಟು, ಅದು ಒಣಗುವವರೆಗೆ ಬೆರಳುಗಳಿಂದ ಹಗುರಾಗಿ ಆಡಿಸುತ್ತಿರಬೇಕು. ಒಣಗಿದ ಮೇಲೆಯೇ ಮತ್ತೊಂದು ಚಮಚೆ. ಉರಿ ಹೆಚ್ಚಿದರೆ ಸಕ್ಕರೆ ಕಂದುವುದು, ಅವಸರಿಸಿದರೆ ಕಾಳುಗಳು ಒಂದಕ್ಕೊಂದು ಅಂಟುವುವು. ದಿನಗಟ್ಟಲೆ ಹೀಗೆ ಪದರದ ಮೇಲೆ ಪದರ ಕಟ್ಟಿದ ಬಳಿಕ, ಕದಂಬದ ಹೂವಿನಂತೆ ಕಾಳಿನ ಮೈತುಂಬ ಮುಳ್ಳುಗಳು ಏಳುವುವು.

ಆದರೆ ಈ ಕೆಲಸದ ಯಜಮಾನಿಕೆ ಬಹುಪಾಲು ಗಾಳಿಯದೇ. ಪ್ರತಿ ಪದರದ ನೀರೂ ಆರಿ ಹೋದರೆ ಮಾತ್ರ ಸಕ್ಕರೆ ಸಣ್ಣ ಹರಳಾಗಿ ನಿಲ್ಲುತ್ತದೆ. ಮೋಡ ಕವಿದು ಗಾಳಿ ತೇವಗೊಂಡ ದಿನ ನೀರು ಬೇಗ ಆರದೆ, ಹೊಸ ಪಾಕವು ಹಳೆಯ ಪದರವನ್ನೂ ಕರಗಿಸಿಕೊಂಡು, ಎದ್ದ ಮುಳ್ಳುಗಳನ್ನು ನುಣುಪಾಗಿಸಿಬಿಡುತ್ತದೆ. ಅಂಥ ದಿನ ಕೆಂಡವನ್ನು ಹೆಚ್ಚಿಸುವುದರಿಂದ ಪ್ರಯೋಜನವಿಲ್ಲ. ಪರಾತವನ್ನು ಇಳಿಸಿ, ಆದಷ್ಟನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಟ್ಟು, ಆಕಾಶ ತಿಳಿಯಾಗುವವರೆಗೆ ಕಾಯುವುದೇ ಉಪಾಯ. ಬಯಲುಸೀಮೆಯ ಪುಷ್ಯಮಾಸದ ಒಣಚಳಿಗೆ ಈ ಕುಸುರಿ ಒಲಿದುದರಲ್ಲಿ ಆಶ್ಚರ್ಯವಿಲ್ಲ. ಕಡಲ ತಡಿಯ ಆರ್ದ್ರಹವೆಯಲ್ಲಿ ಇದೇ ಕೈಗೆ ಇದೇ ಪಾಕ ಇಷ್ಟು ಸುಲಭವಾಗಿ ವಶವಾಗಲಾರದು.

ಇದೇ ಕಾಳುಗಳನ್ನು ಪೋಣಿಸಿ ಹೊಸ ಸೊಸೆಗೂ ಹಸುಗೂಸಿಗೂ ಹಾರ, ಬಳೆ, ಕಿರೀಟಗಳನ್ನು ತೊಡಿಸುವ ಸಂಪ್ರದಾಯವೂ ಇದೆ. ಇಂದು ಪೇಟೆಯಲ್ಲಿ ಕುಸುರೆಳ್ಳು ರಾಶಿರಾಶಿಯಾಗಿ ದೊರೆಯುತ್ತದೆಯಾದರೂ, ಈ ಆಭರಣಗಳಿಗೆಂದು ಮನೆಯಲ್ಲಿಯೇ ಶಿಗಡಿ ಹೊತ್ತಿಸುವವರು ಉಳಿದಿರುವುದು ನನಗೆ ಪರಮ ಸಂತೋಷದ ಸಂಗತಿ.