ಪರೀಕ್ಷೆಯನ್ನೇ ಪರೀಕ್ಷಿಸಲು ಹಣ ಯಾರದು?

ಮರೆಗುಳಿತನವನ್ನು ಪತ್ತೆಹಚ್ಚುವ ಪರೀಕ್ಷೆಗಳಿಗೆ ಅರ್ಧ ಶತಮಾನದ ಇತಿಹಾಸವಿದೆ. ಅವು ಮಾಮೂಲಿ ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆಯೇ ಎಂದು ತಿಳಿಯಲು ಹಣ ಕೊಟ್ಟ ಇತಿಹಾಸ ಮಾತ್ರ ತೀರ ಚಿಕ್ಕದು. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ಸೇರಿ ಪ್ರಕಟಿಸಿದ ಎಂಎಂಎಸ್‌ಇ 30 ಅಂಕಗಳ ಪರೀಕ್ಷೆ. ಕಾಗದ, ಪೆನ್ಸಿಲ್, ಹತ್ತು ನಿಮಿಷ ಬಿಡುವು ಇದ್ದರೆ ಸಾಕಿತ್ತು. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದಾಗಿದ್ದರಿಂದ ಜಗತ್ತಿನಾದ್ಯಂತ ಹರಡಿತು. 2001ರಲ್ಲಿ ಅದರ ಹಕ್ಕು ಒಂದು ಪ್ರಕಾಶನ ಸಂಸ್ಥೆಯ ಕೈಸೇರಿದ ಮೇಲೆ ಪ್ರತಿ ಪ್ರತಿಗೂ ಬೆಲೆ ಬಂತು. 2005ರಲ್ಲಿ ಕೆನಡಾದ ನಸ್ರೆದ್ದೀನ್ ತಂದ ಮೋಕಾ ಪರೀಕ್ಷೆಯೂ ಅದೇ ದಾರಿ ಹಿಡಿದು, 2019ರಿಂದ ಹಣ ಕಟ್ಟಿ ತರಬೇತಿ ಪಡೆಯಬೇಕೆಂಬ ನಿಯಮಕ್ಕೆ ಬಂದು ನಿಂತಿತು. ಎರಡರಲ್ಲೂ ಕಾಣುವುದು ಒಂದೇ ಸಂಗತಿ: ಸಾರ್ವಜನಿಕ ಆರೋಗ್ಯ ವ್ಯವಸ್ಥೆಗಳು ದಿನವೂ ಬಳಸುವ ಸಾಧನವನ್ನು ಪೋಷಿಸುವ ಖರ್ಚು ಯಾವ ಸರ್ಕಾರದ ಲೆಕ್ಕದಲ್ಲೂ ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೂ ಈ ಪರಿಸ್ಥಿತಿ ಬದಲಾಗಲಿಲ್ಲ, ಮೊತ್ತ ಮಾತ್ರ ದೊಡ್ಡದಾಯಿತು.

ಡಿಜಿಟಲ್ ಪರೀಕ್ಷೆಗಳ ಆಕರ್ಷಣೆ ಸುಳ್ಳಲ್ಲ. 1980ರ ದಶಕದಲ್ಲೇ ಕೇಂಬ್ರಿಜ್‌ನಲ್ಲಿ ಬಾರ್ಬರಾ ಸಹಾಕಿಯನ್ ಮತ್ತು ಟ್ರೆವರ್ ರಾಬಿನ್ಸ್ ಟಚ್‌ಸ್ಕ್ರೀನ್ ಮೇಲೆ ನಡೆಯುವ ಕ್ಯಾನ್‌ಟ್ಯಾಬ್ ರೂಪಿಸಿದ್ದರು. ಅಮೆರಿಕದ ಲೇಹಿ ಕ್ಲಿನಿಕ್ ಮತ್ತು ಎಂಐಟಿಯ ಸಂಶೋಧಕರು ಗಡಿಯಾರ ಬಿಡಿಸುವ ಹಳೆಯ ಪರೀಕ್ಷೆಗೆ ಡಿಜಿಟಲ್ ಪೆನ್ನು ಕೊಟ್ಟಾಗ ಇನ್ನೂ ಸ್ವಾರಸ್ಯದ ಸಂಗತಿ ಹೊರಬಂತು. ಪೂರ್ತಿಯಾದ ಗಡಿಯಾರ ಇಬ್ಬರದೂ ಒಂದೇ ರೀತಿ ಇರಬಹುದು. ಆದರೆ ಒಬ್ಬರು ಮುಳ್ಳು ಎಳೆಯುವ ಮೊದಲು ಎಷ್ಟು ಹೊತ್ತು ತಡೆದರು, ಅಂಕೆಗಳನ್ನು ಯಾವ ಕ್ರಮದಲ್ಲಿ ಬರೆದರು ಎಂಬುದನ್ನು ವೈದ್ಯರ ಕಣ್ಣು ಹಿಡಿಯಲಾರದು, ಪೆನ್ನು ಹಿಡಿಯುತ್ತದೆ. ಹಣವಂತರ ಗಮನ ಇಲ್ಲಿಗೆ ಹರಿದದ್ದು ಸಹಜವೇ. 2018ರಲ್ಲಿ ಬಿಲ್ ಗೇಟ್ಸ್, ಲೆನರ್ಡ್ ಲಾಡರ್ ಮೊದಲಾದವರು ಆಲ್ಝೈಮರ್ ಪತ್ತೆಯ ಹೊಸ ಸಾಧನಗಳಿಗೆಂದು 3 ಕೋಟಿ ಡಾಲರ್‌ಗೂ ಮೀರಿದ ನಿಧಿ ಘೋಷಿಸಿದರು. ಇಂಥ ಹಣದ ಬಹುಪಾಲು ಹೋದದ್ದು ಸಾಧನವನ್ನು ಕಟ್ಟುವುದಕ್ಕೆ, ಅದು ಎಷ್ಟು ನಿಖರವೆಂದು ತೋರಿಸುವುದಕ್ಕೆ.

ಈ ನಿಖರತೆಯ ಲೆಕ್ಕದಲ್ಲೇ ಒಂದು ತೊಡಕಿದೆ. ಕಾಯಿಲೆ ಇರುವವರಲ್ಲಿ ನೂರಕ್ಕೆ 85 ಮಂದಿಯನ್ನೂ ಇಲ್ಲದವರಲ್ಲಿ ನೂರಕ್ಕೆ 85 ಮಂದಿಯನ್ನೂ ಸರಿಯಾಗಿ ಗುರುತಿಸುವ ಪರೀಕ್ಷೆ ಒಂದಿದೆ ಎಂದುಕೊಳ್ಳೋಣ. ತಜ್ಞರ ಕ್ಲಿನಿಕ್ಕಿಗೆ ಬರುವ ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆ ಇದ್ದರೆ, 425 ಜನರನ್ನು ಅದು ಸರಿಯಾಗಿ ಹಿಡಿದು 75 ಜನರನ್ನು ವೃಥಾ ಹೆದರಿಸುತ್ತದೆ. ಅದೇ ಪರೀಕ್ಷೆಯನ್ನು ಊರಿನ ಸಾಮಾನ್ಯ ವೃದ್ಧರಿಗೆ ಮಾಡಿಸಿ. ಅಲ್ಲಿ ಕಾಯಿಲೆ ನೂರಕ್ಕೆ ಏಳರಷ್ಟು ಇದ್ದರೆ, ಸಾವಿರದಲ್ಲಿ ಹಿಡಿಯುವುದು 60 ಜನರನ್ನು, ಹೆದರಿಸುವುದು ಸುಮಾರು 140 ಜನರನ್ನು. ಸಾಧನ ಬದಲಾಗಿಲ್ಲ, ಬದಲಾದದ್ದು ಜಾಗ. ಆದ್ದರಿಂದ ತಜ್ಞರ ಕ್ಲಿನಿಕ್ಕಿನ ಅಂಕಿಅಂಶ ತೋರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಟ್ಯಾಬ್ಲೆಟ್ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಆ 140 ಜನರನ್ನು ಮರುದಿನ ಯಾರು ನೋಡಿಕೊಳ್ಳುತ್ತಾರೆ ಎಂಬುದು. ಈ ಪ್ರಶ್ನೆಗೆ ಉತ್ತರ ಹುಡುಕಲು ಹಣ ಕೊಡದಿದ್ದರೆ ಸಾಧನಕ್ಕೆ ಕೊಟ್ಟ ಹಣವೂ ವ್ಯರ್ಥವೆಂಬುದೇ ನನ್ನ ವಾದ.

ಹಣವನ್ನು ತಪ್ಪು ಜಾಗದಲ್ಲಿ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡ್ ಒಳ್ಳೆಯ ನಿದರ್ಶನ. 2014ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಹೊಸದಾಗಿ ಪತ್ತೆಯಾದ ಪ್ರತಿ ಡಿಮೆನ್ಷಿಯಾ ಪ್ರಕರಣಕ್ಕೆ ವೈದ್ಯರಿಗೆ 55 ಪೌಂಡ್ ಕೊಡಲು ಹೊರಟಿತು. ರೋಗಿಯ ತಲೆಗೆ ಬೆಲೆ ಕಟ್ಟಿದಂತಾಯಿತೆಂದು ವೈದ್ಯರೇ ಸಿಡಿದೆದ್ದರು. ಕೆಲವೇ ತಿಂಗಳಲ್ಲಿ ಯೋಜನೆ ಮುಚ್ಚಿತು. ಅಮೆರಿಕ ಹಿಡಿದ ದಾರಿ ಬೇರೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2017ರಲ್ಲಿ ಆರಂಭಿಸಿದ ಡಿಟೆಕ್ಟ್‌ಸಿಡ್ ಒಕ್ಕೂಟ ಮೂರು ವಿಶ್ವವಿದ್ಯಾಲಯಗಳ ಪರೀಕ್ಷೆಗಳನ್ನು ಮಾಮೂಲಿ ಕ್ಲಿನಿಕ್ಕುಗಳಲ್ಲೇ ಒರೆಗೆ ಹಚ್ಚಲು ಅನುದಾನ ಕೊಟ್ಟಿತು. ಅದರಲ್ಲೊಂದಾದ ‘5-ಕಾಗ್’ ಐದೇ ನಿಮಿಷದ್ದು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮರೆವಿನ ದೂರು ಇದ್ದ 1,201 ಮಂದಿಯ ಮೇಲೆ ಅದರ ಪ್ರಯೋಗ ನಡೆಯಿತು. ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಮುಂದೇನು ಮಾಡಬೇಕೆಂಬ ಸೂಚನೆ ವೈದ್ಯರ ಕಂಪ್ಯೂಟರಿನಲ್ಲೇ ತೆರೆದುಕೊಳ್ಳುತ್ತಿತ್ತು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಪರೀಕ್ಷೆಗೆ ಒಳಗಾದ ಗುಂಪಿನವರಿಗೆ, ಒಳಗಾಗದವರಿಗಿಂತ, ಸರಿಯಾದ ಮುಂದಿನ ಆರೈಕೆ ಸಿಗುವ ಸಂಭವ ಮೂರು ಪಟ್ಟು ಹೆಚ್ಚಿತ್ತು. 2021ರಲ್ಲಿ ಹುಟ್ಟಿದ ದಾವೋಸ್ ಆಲ್ಝೈಮರ್ಸ್ ಕೊಲ್ಯಾಬೊರೇಟಿವ್ ಸಹ ಜಮೈಕಾ, ಬ್ರೆಜಿಲ್, ಜಪಾನ್, ಸ್ಕಾಟ್ಲೆಂಡ್ ಮೊದಲಾದ ಕಡೆ ಇದೇ ಬಗೆಯ ಪ್ರಯೋಗಗಳಿಗೆ ಹಣ ಕೊಟ್ಟಿದೆ. ಅವುಗಳಲ್ಲೊಂದು ನಡೆದ ಅಮೆರಿಕದ ಇಂಡಿಯಾನಾದ ಕ್ಲಿನಿಕ್ಕುಗಳಲ್ಲಿ ಟ್ಯಾಬ್ಲೆಟ್ಟಿನ ಜೊತೆಗೆ, ಫಲಿತಾಂಶದಲ್ಲಿ ಅನುಮಾನ ಬಂದ ರೋಗಿಯ ಕೈಹಿಡಿದು ಮುಂದಕ್ಕೆ ಕರೆದೊಯ್ಯುವ ಸಿಬ್ಬಂದಿಯ ಹುದ್ದೆಯನ್ನೂ ಸೃಷ್ಟಿಸಲಾಯಿತು. ಇಡೀ ಪ್ರಯೋಗದಲ್ಲಿ ನನಗೆ ಮುಖ್ಯವೆನಿಸುವುದು ಈ ಹುದ್ದೆಯೇ.

ಇಂಥ ಪ್ರಯೋಗಗಳಿಗೆ ಹಣ ಕೊಡುವುದಕ್ಕೆ ಗಟ್ಟಿ ಆಕ್ಷೇಪವೊಂದಿದೆ, ಅದೂ ಇಂಡಿಯಾನಾದಿಂದಲೇ ಬಂದದ್ದು. 65 ದಾಟಿದ 4,005 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಐಯು ಚಾಯ್ಸ್ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದವರ ಜೀವನದ ಗುಣಮಟ್ಟ ವರ್ಷದ ಬಳಿಕವೂ ಉತ್ತಮವಾಗಿರಲಿಲ್ಲ. ಆತಂಕವಾಗಲೀ ಖಿನ್ನತೆಯಾಗಲೀ ಹೆಚ್ಚಲೂ ಇಲ್ಲ. ಅಮೆರಿಕದ ತಜ್ಞ ಕಾರ್ಯಪಡೆಯೂ ಅದೇ ವರ್ಷ, ಲಕ್ಷಣವಿಲ್ಲದ ವೃದ್ಧರನ್ನೆಲ್ಲ ಪರೀಕ್ಷಿಸಬೇಕೆನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಹಾಗಿದ್ದರೆ ಹಣ ಏಕೆ ಸುರಿಯಬೇಕು? ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಐಯು ಚಾಯ್ಸ್ ದೂರು ಹೇಳದವರನ್ನೂ ಪರೀಕ್ಷಿಸಿತು. ಅನುಮಾನ ಬಂದವರಲ್ಲಿ ಹೆಚ್ಚಿನವರು ಮುಂದಿನ ತಪಾಸಣೆಗೆ ಬರಲೇ ಇಲ್ಲ. ಬ್ರಾಂಕ್ಸ್‌ನವರು ದೂರು ಇದ್ದವರನ್ನು ಮಾತ್ರ ಆರಿಸಿಕೊಂಡು, ಮುಂದಿನ ಹೆಜ್ಜೆಯನ್ನು ಅದೇ ಭೇಟಿಗೆ ಹೊಂದಿಸಿದರು. ಆರೈಕೆ ಸಿಕ್ಕವರ ಬದುಕು ಹಸನಾಯಿತೇ ಎಂಬುದನ್ನು ಬ್ರಾಂಕ್ಸ್ ಇನ್ನೂ ಸಾಬೀತು ಮಾಡಿಲ್ಲ, ನಿಜ. ಆದರೆ ಯಾರನ್ನು, ಯಾವಾಗ, ಯಾವ ಏರ್ಪಾಡಿನೊಳಗೆ ಪರೀಕ್ಷಿಸಬೇಕು ಎಂಬುದು ಹೊರಬಂದದ್ದು ಈ ಎರಡೂ ಪ್ರಯೋಗಗಳಿಗೆ ಯಾರೋ ಹಣ ಕೊಟ್ಟಿದ್ದರಿಂದ. ವಿಫಲವಾದ ಪ್ರಯೋಗಕ್ಕೆ ಕೊಟ್ಟ ಅನುದಾನವೂ ಇಲ್ಲಿ ಲಾಭವೇ ತಂದಿದೆ.

ಲಾಭ ಮಾಡುವ ಕಂಪನಿಗಳೇ ಈ ಖರ್ಚು ಹೊರಲಿ ಎನ್ನುವವರೂ ಇದ್ದಾರೆ. ತಮ್ಮ ಸಾಧನಕ್ಕೆ ಅನುಮತಿ ಸಿಗುವಷ್ಟು ಅಧ್ಯಯನವನ್ನು ಅವರು ಮಾಡಿಯೇ ಮಾಡುತ್ತಾರೆ. ಆದರೆ ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆ ಅವರ ಗಿರಾಕಿಯಲ್ಲ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಎಂಎಂಎಸ್‌ಇಯನ್ನು ಹಿಂದಿಗೆ ತಂದ ತಂಡ, ನೂರರಿಂದ ಏಳೇಳು ಕಳೆಯುವ ಲೆಕ್ಕ, ವಾಕ್ಯ ಬರೆಯುವುದು ಇತ್ಯಾದಿ ಅನಕ್ಷರಸ್ಥರಿಗೆ ಸಲ್ಲದ ಭಾಗಗಳನ್ನು ಬದಲಿಸಬೇಕಾಯಿತು. ಓದಿ ಕಣ್ಣು ಮುಚ್ಚಬೇಕಿದ್ದ ಕಡೆ, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದರು. ಆ ಕೆಲಸಕ್ಕೆ ನೆರವಾದದ್ದು ಅಮೆರಿಕದ ಸರ್ಕಾರಿ ಹಣ. ಐಸಿಎಂಆರ್ ಬೆಂಬಲದಿಂದ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಪರೀಕ್ಷಾಮಾಲೆ ಸಿದ್ಧವಾಯಿತು. ದಾನಿಗಳ ನೆರವಿನಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಬೆಳೆದ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟು ಅಧ್ಯಯನ ನಡೆಸುತ್ತಿದೆ. ಕಾಗ್ನಿಟೊ ಎಂಬ ಕಂಪ್ಯೂಟರ್ ಪರೀಕ್ಷಾಮಾಲೆಯನ್ನು ಅಲ್ಲಿನ ಹಳ್ಳಿಗರಿಗೆ ಒಗ್ಗಿಸಿಕೊಂಡಿದೆ. ಇದಾವುದೂ ಮಾರುಕಟ್ಟೆಯ ಲೆಕ್ಕಾಚಾರದಿಂದ ಹುಟ್ಟುವಂಥದ್ದಲ್ಲ.

2023ರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಎಂದರೆ 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಅರಳುಮರಳು ವಯಸ್ಸಿನ ಸಹಜ ಗುಣವೆಂದು ಮನೆಯವರು ಸುಮ್ಮನಿರುವ ನಾಡಿನಲ್ಲಿ ಇವರಲ್ಲಿ ಬಹುತೇಕರು ವೈದ್ಯರ ಎದುರು ಕೂರುವುದೇ ಇಲ್ಲ. ಮದ್ದಿಲ್ಲದ ರೋಗವನ್ನು ಪತ್ತೆಮಾಡಿ ಏನು ಪ್ರಯೋಜನ ಎಂಬ ಮಾತೂ ಇದರ ಹಿಂದಿದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದ ಬರುವ ಮರೆವಿಗೆ ಮದ್ದಿದೆ ಎಂಬುದೊಂದೇ ಅದಕ್ಕೆ ಸಾಕಷ್ಟು ಉತ್ತರ. ಕರ್ನಾಟಕ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದಾಗ ಪ್ರಾಯೋಗಿಕವಾಗಿ ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕನ್ನಡದಲ್ಲಿ ಅಳತೆ ಸಿದ್ಧವಿರುವ ಊರು, ತರಬೇತಿ ಪಡೆದ ವೈದ್ಯರಿರುವ ಆಸ್ಪತ್ರೆ, ಎರಡೂ ಒಂದೇ ಜಿಲ್ಲೆಯಲ್ಲಿವೆ. ಮುಂದಿನ ಅನುದಾನ ಹೊಸ ಆ್ಯಪ್‌ಗಿಂತ ಮೊದಲು ಇಲ್ಲಿಗೆ ಬರಬೇಕು: ಪರೀಕ್ಷೆ ಮಾಡುವ ಆಶಾ ಕಾರ್ಯಕರ್ತೆಯ ಗೌರವಧನಕ್ಕೆ, ರಕ್ತಪರೀಕ್ಷೆಗೆ, ಜಿಲ್ಲಾಸ್ಪತ್ರೆಗೆ ಹೋಗಿಬರುವ ಬಸ್ ಖರ್ಚಿಗೆ, ಎರಡು ವರ್ಷದ ಬಳಿಕ ಆ ಮನೆಗಳಿಗೆ ಮತ್ತೆ ಹೋಗಿ ಏನಾಯಿತೆಂದು ವಿಚಾರಿಸುವುದಕ್ಕೆ.